ಹಿಂದಿನ ಕೋಣೆಯ ಸಿಮೆಂಟು ನೆಲ

ಅಕ್ಟೋಬರ್ 6, 1924. ಸೋಮವಾರ

ಬೆಳಗಿನ ಜಾವ 4.10. ಹಿತ್ತಿಲಲ್ಲಿ ಕಕ್ಕಸಿನ ಬಕೆಟ್ಟು ಕಲ್ಲಿಗೆ ಬಡಿದ ಸದ್ದು. ಎಚ್ಚರ. ಹೊರುವವರು ಇವತ್ತು ಇಪ್ಪತ್ತು ನಿಮಿಷ ತಡ. ಯಾಕೆ? ಅವರ ತಂಡದಲ್ಲೂ ಯಾರಾದರೂ ಮಲಗಿದ್ದಾರೆಯೇ? ಕೇಳಿದರೆ ಹೇಳುವುದಿಲ್ಲ. ಬರೆದಿಟ್ಟಿದ್ದೇನೆ.

ಮಲೊಮೊ 98.2. ಕಂಕುಳಲ್ಲಿ ಎರಡು ಸಲ ಇಟ್ಟು ನೋಡಿದೆ. ನನ್ನ ಮಗಳಿಗೆ ಇವತ್ತಿಗೆ ಹನ್ನೊಂದು ತಿಂಗಳು ನಾಲ್ಕು ದಿನ. ಮೊದಲನೆಯ ಮಗು ಒಂಬತ್ತು ತಿಂಗಳಿಗೇ ಹೋಯಿತು. ಅದಕ್ಕೇ ಅತ್ತೆ ಇವಳಿಗೆ ಈ ಹೆಸರಿಟ್ಟರು: ಇನ್ನೊಮ್ಮೆ ಹೋಗಬೇಡ ಎಂದು. ಹೆಸರಿಟ್ಟು ಅವರು ನೆಮ್ಮದಿಯಾಗಿದ್ದಾರೆ. ನನಗೆ ಹೆಸರು ಸಾಲದು, ಥರ್ಮಾಮೀಟರ್ ಬೇಕು.

ಇವರು ಐದಕ್ಕೆ ಎದ್ದು ಖಾಕಿ ಹಾಕಿಕೊಂಡು ಹೋದರು. ಲಾಗೋಸಿನಲ್ಲಿ ಇವರಂಥವರಿಗೆ ವೊಲೆ-ವೊಲೆ ಎನ್ನುತ್ತಾರೆ. ಮನೆ ಹೊಕ್ಕು ನೋಡುವವನು. ನೀರಿನ ಹರವಿಯಲ್ಲಿ ಸೊಳ್ಳೆಮರಿ, ಅಟ್ಟದಲ್ಲಿ ಇಲಿ, ಚಾಪೆಯ ಮೇಲೆ ರೋಗಿ. ಜುಲೈಯಲ್ಲಿ ಪ್ಲೇಗು ಬಂದ ಮೇಲೆ ಮೂರನೆಯದೇ ಮೊದಲ ಕೆಲಸ. ಬೀದಿಗೆ ಬಂದ ಕೂಡಲೇ ಜನ ಹಿಂಬಾಗಿಲಿಂದ ರೋಗಿಯನ್ನು ಸಾಗಿಸುತ್ತಾರಂತೆ. ನಾನು ಹೋದರೂ ಅಷ್ಟೇ. ಅಲಸಂದೆ ವಡೆ ಕರಿಯುವ ಮುದುಕಿ, ನನ್ನನ್ನು ಕಂಡು, ಆಡುತ್ತಿದ್ದ ಮಾತು ನುಂಗಿದಳು. ವಡೆ ಮಾತ್ರ ಕೊಟ್ಟಳು. ತಂದು ಮತ್ತೆ ಬಿಸಿ ಮಾಡಿಯೇ ತಿಂದೆ.

ಅಕ್ಟೋಬರ್ 7. ಮಂಗಳವಾರ

ಮಲೊಮೊ 98.4.

"ಏನೇ ನಮ್ಮ ಹೆಂಡ್ತಿ, ಬೆಳಬೆಳಿಗ್ಗೆ ಯಾರ ಮನೆ ಜ್ವರ ಬರ್ಕೊಳ್ತಿದೀಯ?" ಸಿಜುವಾಡೆ. ಇವರ ತಂಗಿ, ಹತ್ತೊಂಬತ್ತು ವರ್ಷ. ಈ ಮನೆಗೆ ಮದುವೆಯಾಗಿ ಬಂದವಳಿಗೆ ಇಲ್ಲಿ ಹುಟ್ಟಿದವರೆಲ್ಲ ಗಂಡಂದಿರೇ, ಹೆಣ್ಣಾದರೂ.

"ನಿಮ್ಮದನ್ನೇ ಯಜಮಾನ್ರೇ. ನಾಲಿಗೆ ತೋರಿಸಿ, ನೋಡೋಣ."

ನಾಲಿಗೆ ಪೂರ್ತಿ ಚಾಚಿ ಅಣಕಿಸಿದಳು. ಬೆಳ್ಳಗಿರಲಿಲ್ಲ. ನೋಡಿಕೊಂಡೆ.

ಅತ್ತೆ ಮಾತ್ರ ನಗಲಿಲ್ಲ. "ಮನುಷ್ಯರ ತಲೆ ಎಣಿಸ್ಬಾರ್ದು ಅಂತ ಎಷ್ಟು ಸಲ ಹೇಳ್ಲಿ? ಮಗ ಊರೆಲ್ಲ ಎಣಿಸ್ತಾನೆ, ಸೊಸೆ ಮನೇಲಿ ಎಣಿಸ್ತಾಳೆ. ಫ್ರೀಟೌನಿನ ಕಾಲೇಜಲ್ಲಿ ಕಲಿಸಿದ್ದು ಇದೇನಾ?"

ಹೌದು, ಇದನ್ನೇ ಕಲಿಸಿದ್ದು. ಸಂಜೆ ಇವರ ತಪಾಸಣೆ ಪುಸ್ತಕದ ನಕಲು ನಾನೇ ಮಾಡುತ್ತೇನೆ. ಇವರ ಅಕ್ಷರ ಕೋಳಿ ಕೆದಕಿದ ಹಾಗೆ. ಪೆನ್ಸಿಲಿನಲ್ಲಿ ಇವರು ಗೀಚಿದ್ದನ್ನು ನಾನು ಶಾಯಿಯಲ್ಲಿ ದಪ್ಪ ರಿಜಿಸ್ಟರಿಗೆ ಏರಿಸುವುದು. ಮನೆ ನಂಬರು, ವಾಸ ಎಷ್ಟು ಜನ, ಕಾಯಿಲೆ ಉಂಟೋ ಇಲ್ಲವೋ, ನೆಲ ಮಣ್ಣಿನದೋ ಸಿಮೆಂಟಿನದೋ.

ನನಗೆ ಅನುಮಾನವಿರುವುದು ನಮ್ಮ ಬಾಡಿಗೆಯವಳ ಮೇಲೆ. ಮುನಿರತು. ಬೀದಿ ಕಡೆಯ ಕೋಣೆ, ಜಗಿಯುವ ಕೋಲ ಬೀಜದ ವ್ಯಾಪಾರ. ಎಲೆ ಸುತ್ತಿದ ಬುಟ್ಟಿಗಳು ಸೂರಿನವರೆಗೆ. ಇಲಿಗೆ ಅರಮನೆ. ನಿನ್ನೆಯಿಂದ ಅಂಗಳದ ಕಡೆಯ ಕಿಟಕಿ ಮುಚ್ಚಿದ್ದಾಳೆ. ಒಳಗೆ ಯಾರನ್ನಾದರೂ ಮಲಗಿಸಿಕೊಂಡಿದ್ದಾಳೆಯೇ? ಕೆಮ್ಮು ಕೇಳಿದ ಹಾಗಾಯಿತು. ಅವಳದ್ದೇ ಇರಬಹುದು.

ಅಕ್ಟೋಬರ್ 8. ಬುಧವಾರ

ಮಲೊಮೊ 98.2. ಮುನಿರತು ಕಿಟಕಿ ಇವತ್ತೂ ಮುಚ್ಚಿದೆ.

ದೊಡ್ಡ ಮಾವನಿಗೆ ಚಳಿ. ಇವರ ದೊಡ್ಡಪ್ಪ. ತಂದೆ ಸತ್ತ ಮೇಲೆ ಇವರನ್ನು ಓದಿಸಿ ದೊಡ್ಡವರನ್ನಾಗಿ ಮಾಡಿದವರು, ಮನೆಗೆ ಹಿರಿಯರು. ಹಿಂದಿನ ಕೋಣೆಯಲ್ಲಿ, ಜೋಳದ ಚೀಲಗಳ ಪಕ್ಕದಲ್ಲೇ ಮಲಗುತ್ತಾರೆ. ಬಾಗಿಲಲ್ಲಿ ನಿಂತು ನೋಡಿದೆ. ಮಗುವನ್ನು ಒಳಗೆ ಒಯ್ಯಲಿಲ್ಲ. ಮೈಮೇಲೆ ಅವರ ನೇಯ್ಗೆಯ ನೀಲಿ ಹೊದಿಕೆ. ಹಬ್ಬಕ್ಕೆ ಮಾತ್ರ ತೆಗೆಯುತ್ತಿದ್ದದ್ದು.

"ಥರ್ಮಾಮೀಟರ್ ತರ್ಲಾ ಮಾವ?"

"ನಿನ್ನ ಗಾಜಿನ ಕಡ್ಡಿ ನಂಗೆ ಬೇಡ ಮಗಳೇ. ಮೆಣಸಿನ ಸಾರು ಇದ್ರೆ ತಾ."

ಅತ್ತೆ ನನ್ನ ಭುಜ ಹಿಡಿದು ತಿರುಗಿಸಿದರು. "ವಯಸ್ಸಾದೋರಿಗೆ ಚಳಿ ಆಗತ್ತೆ. ಅದನ್ನೂ ಬರ್ಕೋಬೇಡ."

ಬರೆದುಕೊಂಡೆ.

ಅಕ್ಟೋಬರ್ 9. ಗುರುವಾರ

ರಾತ್ರಿ ನೆಲ ಅಗೆಯುವ ಸದ್ದು. ಗುದ್ದಲಿ, ಮತ್ತೆ ಗುದ್ದಲಿ. ಪಕ್ಕದಲ್ಲಿ ಇವರಿಲ್ಲ. ಎದ್ದು ಹೋಗೋಣ ಎಂದರೆ ಮಗು ಎದೆ ಬಿಡಲಿಲ್ಲ.

ಬೆಳಿಗ್ಗೆ ಇವರ ಬೂಟು, ಮೊಣಕೈ, ಎಲ್ಲಾ ಸಿಮೆಂಟು. "ಹಿಂದಿನ ಕೋಣೇಲಿ ಇಲಿ ಬಿಲ ಇತ್ತು. ಅಗೆದು ಸಿಮೆಂಟು ಹಾಕಿದೀನಿ. ವೊಲೆ-ವೊಲೆ ಮನೆಗೇ ಮಣ್ಣಿನ ನೆಲ ಅಂದ್ರೆ ಜನ ನಗಲ್ವಾ?"

ತಿಂಗಳಿಂದ ನಾನೇ ಪೀಡಿಸುತ್ತಿದ್ದೆ. ಮಣ್ಣಿನ ನೆಲ ಕಿತ್ತು ಗಟ್ಟಿ ಮಾಡಿ ಎಂದು ಊರಿಗೆಲ್ಲ ಹುಕುಮಾಗಿದೆ, ನಮ್ಮ ಬೀದಿಯಲ್ಲಿ ನಾವೇ ಮೊದಲು. ಖುಷಿಯಾಗಬೇಕಿತ್ತು... ಆಯಿತು ಕೂಡ, ಸ್ವಲ್ಪ.

"ರಾತ್ರೀನೇ ಯಾಕೆ? ಮಾವ ಎಲ್ಲಿ ಮಲಗಿದ್ರು?"

"ಅಮ್ಮನ ಕೋಣೇಲಿ. ಹಗಲು ನಂಗೆ ಬಿಡುವೆಲ್ಲಿದೆ?"

ಅತ್ತೆಯ ಕೋಣೆಯ ಬಾಗಿಲು ಹಾಕಿತ್ತು.

ಅಕ್ಟೋಬರ್ 11. ಶನಿವಾರ

ಮಾವನ ಗಂಜಿಯನ್ನು ಸಿಜುವಾಡೆಯೇ ಒಳಗೆ ಒಯ್ಯುತ್ತಾಳೆ. ಮುಚ್ಚಿದ ಬಟ್ಟಲು ಹೋಗುತ್ತದೆ, ಖಾಲಿ ಬಟ್ಟಲು ಬರುತ್ತದೆ. ಮೂರು ಹೊತ್ತೂ ಪೂರ್ತಿ ಖಾಲಿ. ಚಳಿಜ್ವರದ ಮುದುಕರು ಇಷ್ಟು ಉಣ್ಣುತ್ತಾರೆಯೇ? ಮಧ್ಯಾಹ್ನ ಹೊರಬಂದಾಗ ಅವಳ ತುಟಿಯ ಅಂಚಿನಲ್ಲಿ ಬಿಳಿ ಒಣಗಿತ್ತು. ಗಂಜಿ.

"ಯಜಮಾನ್ರೇ, ಮಾವನ್ನ ನೋಡ್ಬಹುದಾ?"

"ನಿದ್ದೆ ಮಾಡ್ತಿದಾರೆ."

"ಬೆಳಿಗ್ಗೇನೂ ನಿದ್ದೆ ಅಂದ್ರಿ."

"ಮುದುಕ್ರು ಇನ್ನೇನ್ ಮಾಡ್ತಾರೆ, ಕುಣೀತಾರಾ?" ನಗಿಸಲು ಹೇಳಿದ್ದು. ಅವಳ ಮುಖದಲ್ಲಿ ಮಾತ್ರ ನಗುವಿರಲಿಲ್ಲ.

ಸಂಜೆ ಮುನಿರತು ಬುಟ್ಟಿ ಕೆಳಗಿಳಿಸುವುದನ್ನು ಕಂಬದ ಮರೆಯಿಂದ ನೋಡುತ್ತಿದ್ದೆ. ನಾಲ್ಕು ಎಂದು ಲೆಕ್ಕ ಹಾಕುವಷ್ಟರಲ್ಲಿ ತಿರುಗಿದಳು. "ಐದು, ಮಲೊಮೊ ಅಮ್ಮಾ. ಒಂದು ಒಳಗಿದೆ. ನನ್ನ ಬುಟ್ಟಿ ಎಣಿಸೋದು ಬಿಟ್ಟು ನಿಮ್ಮನೆ ಒಳಗೂ ಸ್ವಲ್ಪ ನೋಡ್ಕೊಳ್ಳಿ."

ಇದು ಏನು ಮಾತು? ಬಾಡಿಗೆಯವಳ ಸೊಕ್ಕೋ, ಅಥವಾ...

ಅಕ್ಟೋಬರ್ 13. ಸೋಮವಾರ

ಮಾವ ಹೊಲದ ಊರಿಗೆ, ಅಬೆಯೊಕುಟಕ್ಕೆ ಹೋದರಂತೆ. ಬೆಳಗಿನ ರೈಲಿಗೆ. ಇವರೇ ಸೇತುವೆಯಾಚೆ ಸ್ಟೇಷನ್ನಿಗೆ ಬಿಟ್ಟು ಬಂದರಂತೆ. ಹೊಲದ ಗಾಳಿ ಒಳ್ಳೆಯದಂತೆ.

ನಾನು ಮೂರೂವರೆಯಿಂದ ಎಚ್ಚರವಿದ್ದೆ. ಬಕೆಟ್ಟಿನ ಸದ್ದು ಕೇಳಿತು, ಮಸೀದಿಯ ಕರೆ ಕೇಳಿತು. ಮುದುಕರ ಕೋಲಿನ ಸದ್ದು ಕೇಳಲಿಲ್ಲ.

ಮೊಮ್ಮಗುವಿನ ತಲೆ ಮುಟ್ಟದೆ ಹೊರಟರೇ?

ಅಕ್ಟೋಬರ್ 15. ಬುಧವಾರ

ಮೊದಲು ನಡೆದದ್ದು ನಡೆದ ಹಾಗೆ.

ನಕಲಿಗೆ ಕೂತಿದ್ದೆ. 10ನೇ ತಾರೀಖು, ಶುಕ್ರವಾರದ ಪುಟ. ಸ್ವಂತ ಬೀದಿಯನ್ನು ಇವರಿಗೆ ಕೊಡುವುದಿಲ್ಲ, ಆದರೆ ಇನ್ಸ್‌ಪೆಕ್ಟರುಗಳು ಸಾಲದೆ ಆ ದಿನ ಕೊಟ್ಟಿದ್ದರು. ಮನೆ 23. ನಮ್ಮದು. ಇವರ ಪೆನ್ಸಿಲು: ವಾಸ 6. ಕಾಯಿಲೆ ಇಲ್ಲ. ಹಿಂದಿನ ಕೋಣೆ ಸಿಮೆಂಟು ಆಗಿದೆ.

ಬೆರಳು ಮಡಿಸಿದೆ. ಅತ್ತೆ, ಇವರು, ನಾನು, ಮಲೊಮೊ, ಸಿಜುವಾಡೆ, ಮುನಿರತು. ಮಾವ.

"ಇಲ್ಲಿ ಏಳಾಗ್ಬೇಕಲ್ವಾ?"

ಇವರು ಬೂಟಿನ ದಾರ ಬಿಚ್ಚುತ್ತಿದ್ದರು. "ದೊಡ್ಡಪ್ಪ ಊರಿಗೆ ಹೋದ್ರಲ್ಲ. ಆರು."

"ಅವರು ರೈಲು ಹತ್ತಿದ್ದು ಸೋಮವಾರ. ಇದು ಶುಕ್ರವಾರದ ಪುಟ."

ದಾರ ಹಿಡಿದ ಕೈ ನಿಂತಿತು. ತಲೆ ಎತ್ತಲಿಲ್ಲ. ಆಮೇಲೆ, ಬೂಟಿಗೆ ಹೇಳಿದ ಹಾಗೆ, "ಏಳು ಅಂತ ಬರಿ."

ಎಂಟು ವರ್ಷದ ಕೆಲಸ. ಉಸಿರಾಡುವವರನ್ನು ಮಾತ್ರ ಎಣಿಸಿ ಅಭ್ಯಾಸ. ಸುಳ್ಳು ಬಾಯಿಗೆ ಬಂತು, ಪೆನ್ಸಿಲಿಗೆ ಬರಲಿಲ್ಲ.

ಬರೆದೆ. ಏಳು. ದುಂಡಗೆ, ಶಾಯಿಯಲ್ಲಿ, ನನ್ನ ಕೈಯಿಂದ.

ಅಕ್ಟೋಬರ್ 16. ಗುರುವಾರ

ಅತ್ತೆ ಮಾರುಕಟ್ಟೆಗೆ ಹೋದ ಹೊತ್ತು ನೋಡಿ ಹಿತ್ತಿಲಲ್ಲಿ ಇವರನ್ನು ಹಿಡಿದೆ. ಮಾವನಿಗೆ ಪ್ಲೇಗಿನ ಗಂಟು ಇತ್ತಾ ಎಂದೆ. ಅಷ್ಟೇ ಕೇಳಿದ್ದು.

"ತೊಡೆಸಂದೀಲಿ. ಮೊಟ್ಟೆಯಷ್ಟು."

"ನೀವೇ ನೋಡಿದ್ರಾ? ನೋಡಿಯೂ..."

"ನೋಡಿದೆ. ಎಷ್ಟು ಜನರನ್ನ ನೋಡಿಲ್ಲ ನಾನು? ಮೂವತ್ತೊಂದು ಹೆಣ ಸುಣ್ಣದ ಗುಂಡಿಗೆ ಹಾಕಿಸಿದೀನಿ ಮಲೊಮೊ ಅಮ್ಮ. ಹೆಂಡ್ತಿ ಮಕ್ಳು ಬೇಲಿ ಆಚೆ ನಿಂತು ಕೂಗ್ತಿದ್ರೂ ಹಾಕಿಸಿದೀನಿ. ದೊಡ್ಡಪ್ಪ ಸಾಯೋ ಮುಂಚೆ ನನ್ನ ಕೈ ಹಿಡ್ಕೊಂಡು ಕೇಳಿದ್ದು ಒಂದೇ. ನನ್ನ ಅಪ್ಪ, ಅಜ್ಜ ಎಲ್ಲಾ ಈ ಮನೆ ನೆಲದ ಕೆಳಗೇ ಇದಾರೆ, ನನ್ನನ್ನ ಆಚೆ ಹಾಕ್ಬೇಡ ಅಂತ. ಏನ್ ಹೇಳ್ಬೇಕಿತ್ತು ನಾನು? ಕಾನೂನು ಇದೆ ದೊಡ್ಡಪ್ಪ ಅನ್ಬೇಕಿತ್ತಾ?"

ಇವರು ಅಳುವುದನ್ನು ಮದುವೆಯಾದ ಮೇಲೆ ಎರಡನೆಯ ಸಲ ನೋಡಿದ್ದು.

ಚಾಪೆ, ದಿಂಬು, ಬಟ್ಟೆ ಎಲ್ಲಾ ಸುಟ್ಟೆ ಎಂದರು. ಆಳವಾಗಿ ಅಗೆದೆ, ಸುಣ್ಣ ಹಾಕಿದೆ, ಮೇಲೆ ಸಿಮೆಂಟು. ಒಂದು ಚಿಗಟವೂ ಉಳಿದಿಲ್ಲ ಎಂದರು. ಕೆಲಸ ಗೊತ್ತಿರುವವರು. ನಂಬಬಹುದು.

ನಂಬಬಹುದೇ? ಗೊತ್ತಾದರೆ ಇವರಿಗೆ ಜೈಲು. ನೆಲ ಒಡೆದು ಮಾವನನ್ನು ಮೇಲೆತ್ತುತ್ತಾರೆ. ನಾವೆಲ್ಲ ಸೇತುವೆಯಾಚೆಯ ಪ್ಲೇಗು ಕ್ಯಾಂಪಿಗೆ, ಮಗು ಬೇರೆ, ನಾನು ಬೇರೆ. ಇನ್ನೂ ಎದೆಹಾಲು ಕುಡಿಯುವ ಕೂಸು.

ಮಲೊಮೊ 98.4. ಸುಮ್ಮನಿರುತ್ತೇನೆ.

ಅಕ್ಟೋಬರ್ 20. ಸೋಮವಾರ

ಮೂರು ದಿನ ಬರೆಯಲಿಲ್ಲ. ಬರೆದದ್ದೆಲ್ಲ ಸಾಕ್ಷಿ. ಇವತ್ತು ಬರೆಯದೆ ಇರಲಾರೆ.

ಮಧ್ಯಾಹ್ನ ಮಗುವಿಗೆ ನಿದ್ದೆ ಬರಿಸುತ್ತೇನೆಂದು ಅತ್ತೆ ಎತ್ತಿಕೊಂಡು ಹೋಗುತ್ತಾರೆ. ದಿನಾ ಹೋಗುತ್ತಾರೆ. ನಾನು ಬಟ್ಟೆ ಒಗೆಯುತ್ತಿರುತ್ತೇನೆ. ಇವತ್ತು ಬೇಗ ಮುಗಿಯಿತು. ಹುಡುಕಿಕೊಂಡು ಹೋದೆ.

ಹಿಂದಿನ ಕೋಣೆ. ತಣ್ಣನೆಯ ಹೊಸ ನೆಲ. ನೆಲದ ಮೇಲೆ ನಾಲ್ಕು ಮಡಿಕೆಯ ನೀಲಿ ಹೊದಿಕೆ. ಹೊದಿಕೆಯ ಮೇಲೆ ನನ್ನ ಮಗು.

"ಇದನ್ನೂ ಸುಟ್ರಂತಲ್ಲಾ!"

"ಮೆಲ್ಲಗೆ. ಎದ್ದುಬಿಡತ್ತೆ." ಅತ್ತೆ ಬೀಸಣಿಗೆ ನಿಲ್ಲಿಸಲಿಲ್ಲ. "ನನ್ನ ಮಗ ಸುಡೋಕೆ ಕೊಟ್ಟ. ನಾನು ಹಳೇ ಚೀಲ ಸುಟ್ಟೆ. ಹಿರಿಯರ ಬಟ್ಟೆ ಯಾರಾದ್ರೂ ಸುಡ್ತಾರಾ? ಇದು ಇವಳಿಗೇ ಸೇರ್ಬೇಕಾದ್ದು."

"ಎಷ್ಟು ದಿನದಿಂದ ಇದರ ಮೇಲೆ ಮಲಗಿಸ್ತಿದೀರಿ?"

"ನಿನ್ನ ದೊಡ್ಡ ಮಾವ ಹೋದ ಮೇಲೆ, ನೆಲ ಒಣಗಿದ ದಿನದಿಂದ. ಕೆಳಗೆ ಅವರಿದಾರೆ, ಮೇಲೆ ಇವಳು. ಇವಳನ್ನ ಕರ್ಕೊಂಡು ಹೋಗೋಕೆ ಬರೋರು ಮೊದಲು ಅವರನ್ನ ದಾಟ್ಬೇಕು. ನಿನ್ನ ಗಾಜಿನ ಕಡ್ಡಿ ಮೊದಲನೇದನ್ನ ಉಳಿಸ್ತಾ, ಹೇಳು?"

ಮಗುವನ್ನು ಎತ್ತಿಕೊಂಡೆ. ಹೊದಿಕೆ ಕಿತ್ತುಕೊಂಡು ಹಿತ್ತಿಲಲ್ಲಿ ಸೀಮೆಎಣ್ಣೆ ಸುರಿದು ಸುಟ್ಟೆ. ಸಿಜುವಾಡೆ ಬಾಯಿಗೆ ಕೈ ಹಿಡಿದು ನಿಂತಳು. ಅತ್ತೆ ಅಳಲಿಲ್ಲ, ಬೈಯಲಿಲ್ಲ. ನನ್ನನ್ನು ನೋಡಿದರು, ಅಷ್ಟೇ. ನಾನು ಅವರನ್ನು ನೋಡುತ್ತಿದ್ದ ಹಾಗೆಯೇ.

ಮಗುವನ್ನು ಫಿನಾಯಿಲ್ ಹಾಕಿದ ನೀರಿನಲ್ಲಿ ಒರೆಸಿದೆ. ಕಾಲಿನ ಮೇಲೆ ಕೆಂಪು ಚುಕ್ಕೆಗಳು. ಆರು. ಸೊಳ್ಳೆಯದೂ ಇರಬಹುದು.

ಇವರಿಗೆ ಮೂರು ದಿನ ಕ್ಯಾಂಪಿನಲ್ಲಿ ಡ್ಯೂಟಿ. ಬೆಳಿಗ್ಗೆಯೇ ಹೋಗಿದ್ದಾರೆ.

ಅಕ್ಟೋಬರ್ 21. ಮಂಗಳವಾರ

ಬೆಳಿಗ್ಗೆ 98.8. ಹನ್ನೊಂದಕ್ಕೆ 99.4. ಎರಡಕ್ಕೆ 100.6.

ಮೂಲೆಯ ಔಷಧಿ ಅಂಗಡಿಗೆ ಹೋದೆ, ಮಗುವನ್ನು ಬೆನ್ನಿಗೆ ಕಟ್ಟಿಕೊಂಡೇ. ಮಿಸ್ಟರ್ ಪ್ರಾಟ್ ಒಳ್ಳೆಯವರು. ಅತಿ ಒಳ್ಳೆಯವರು. ಕ್ವಿನೈನ್ ತೂಗುತ್ತಾ ತೂಗುತ್ತಾ, "ಮನೇಲಿ ಬೇರೆ ಯಾರಿಗಾದ್ರೂ ಹುಷಾರಿಲ್ವಾ, ಮೇಡಂ? ದೊಡ್ಡಪ್ಪನವರು ಕಾಣ್ತಾನೇ ಇಲ್ಲ."

"ಅಬೆಯೊಕುಟಕ್ಕೆ ಹೋಗಿದಾರೆ."

"ಓ. ಈ ಮಳೇಲಿ."

ಅವರ ಬೆನ್ನ ಹಿಂದಿನ ಗೋಡೆಯ ಮೇಲೆ ಟೆಲಿಫೋನು. ನಾನು ಅದನ್ನೇ ನೋಡುತ್ತಿದ್ದದ್ದನ್ನು ಅವರು ನೋಡಿದರು. "ಮಾಡ್ಬೇಕಿತ್ತಾ?"

ಬೇಡ ಎಂದೆ. ಬೇಡ ಎಂದೆನಲ್ಲ!

ಸಂಜೆ ಐದು. 101.8. ಎದೆ ಮುಟ್ಟುತ್ತಿಲ್ಲ.

ಅದೇ ರಾತ್ರಿ, 1.40

102.9. ಬಟ್ಟೆ ಬದಲಿಸುವಾಗ ಎಡಗಾಲು ಚಾಚಲು ಬಿಡಲಿಲ್ಲ. ತೊಡೆಸಂದಿಯಲ್ಲಿ ಬೆರಳಿಟ್ಟೆ. ಕಡಲೆಕಾಳಿನಷ್ಟು. ಮುಟ್ಟಿದ್ದಕ್ಕೆ ಕಿರುಚಿದಳು.

ಕಿರುಚಿದ್ದು ಕೇಳಿ ಅತ್ತೆ ಬಂದರು, ನೋಡಿದರು, ನನ್ನ ಕೈಯಿಂದ ಎತ್ತಿಕೊಂಡರು. ನಾನು ಅವರ ಸೆರಗು ಎಳೆದೆ, ಸಿಜುವಾಡೆ ನನ್ನನ್ನು ಹಿಂದಿನಿಂದ ತಬ್ಬಿ ಹಿಡಿದಳು. "ಬಿಡೇ, ನಮ್ಮ ಹೆಂಡ್ತಿ, ಬಿಡು. ಅಮ್ಮನಿಗೆ ಗೊತ್ತು." ಅಳುತ್ತಲೇ ಹಿಡಿದಿದ್ದಳು. ಅವಳ ಕೈ ನನ್ನ ಕೈಗಿಂತ ಗಟ್ಟಿ.

ಈಗ ಮಗು ಅತ್ತೆಯ ಕೋಣೆಯಲ್ಲಿ. ಒಳಗಿನಿಂದ ಅಗಣಿ. ಹೊರಗೆ, ಅಂಗಳದಲ್ಲಿ, ಬಾಗಿಲಿಗೆ ಒರಗಿ ನಾನು. ಬೆಳಕು ಹರಿಯುವ ಮುಂಚೆ ದೋಣಿಯಂತೆ. ಹಿನ್ನೀರಿನಾಚೆ ಅತ್ತೆಯ ತವರು, ಅಲ್ಲಿ ಬೇರು ಕೊಡುವವನೊಬ್ಬನಿದ್ದಾನಂತೆ. "ವೊಲೆ-ವೊಲೆಗಳ ಕೈಗೆ ಕೊಟ್ರೆ ಮಗೂನೂ ಹೋಗತ್ತೆ, ಮಗನೂ ಹೋಗ್ತಾನೆ. ಎರಡೂ ಕಳ್ಕೊಳ್ಳೋಕೆ ನಾನು ತಯಾರಿಲ್ಲ." ಬಾಗಿಲ ಸಂದಿಯಿಂದ ಹೇಳಿದರು. ದನಿಯಲ್ಲಿ ಕೋಪವಿರಲಿಲ್ಲ. ನನಗಿರುವ ಅದೇ ಭಯ.

ಮುನಿರತು ಕಿಟಕಿ ತೆರೆಯಿತು. ಎಷ್ಟು ದಿನದ ಮೇಲೆ. "ಮಲೊಮೊ ಅಮ್ಮಾ." ಪಿಸುಮಾತು. "ಆವತ್ತು ಗುದ್ದಲಿ ಸದ್ದು ನಂಗೂ ಕೇಳಿಸ್ತು. ಬಾಡಿಗೆಗಿರೋರಿಗೆ ಕಿವಿ ಇರ್ಬಾರ್ದು ಅಂತ ಸುಮ್ನಿದ್ದೆ. ಕಿಟಕಿ ಮುಚ್ಕೊಂಡಿದ್ದು ನಿಮ್ಮ ಕಣ್ಣಿಗೆ ಹೆದರಿ. ಈಗ ಹೇಳಿ, ಏನ್ ಮಾಡ್ಲಿ?"

ಅವಳ ಬಾಗಿಲು ಬೀದಿಗಿದೆ. ನಾನೇ ಓಡಬಹುದು. ಆದರೆ ನಾನು ಬೀದಿಯಲ್ಲಿರುವಾಗ ಅತ್ತೆ ಹಿಂಬಾಗಿಲಿಂದ ದೋಣಿಕಟ್ಟೆಗೆ ಹೊರಟರೆ? ಈ ಬಾಗಿಲು ಬಿಟ್ಟು ಏಳಲಾರೆ. ಅವಳು ಹೋಗುತ್ತಾಳೆ. ಅವಳ ಬಾಯಿಮಾತು ಯಾರೂ ಕೇಳುವುದಿಲ್ಲ. ಕೋಲ ಮಾರುವವಳು, ಇಂಗ್ಲಿಷ್ ಬಾರದವಳು. ಅದಕ್ಕೇ ಈ ಪುಸ್ತಕ.

ಮಿಸ್ಟರ್ ಪ್ರಾಟ್, ಇನ್ನು ಮುಂದಿನದು ನಿಮಗೆ.

ಮುನಿರತು ಎಷ್ಟು ಹೊತ್ತಿಗೆ ಬಾಗಿಲು ಬಡಿದರೂ ಬೈಯಬೇಡಿ. ಹಿಂದಿನ ಪುಟಗಳನ್ನು ಆಮೇಲೆ ಓದಿ. ಮೊದಲು ಫೋನ್ ಮಾಡಿ. ಆರೋಗ್ಯ ಕಚೇರಿಯಲ್ಲಿ ರಾತ್ರಿಯೂ ಒಬ್ಬ ಗುಮಾಸ್ತ ಇರುತ್ತಾನೆ. ಮನೆ 23 ಎನ್ನಿ. ಹೆಣ್ಣು ಮಗು, ಹನ್ನೊಂದೂವರೆ ತಿಂಗಳು, ಎಡ ತೊಡೆಸಂದಿಯಲ್ಲಿ ಗಂಟು, ಮೊದಲ ದಿನ. ಮೊದಲ ದಿನ ಎನ್ನುವುದನ್ನು ಎರಡು ಸಲ ಹೇಳಿ. ಪ್ಲೇಗಿನ ಸೀರಂ ಬೇಗ ಕೊಟ್ಟರೆ ಬದುಕುವುದುಂಟು ಎಂದು ನನ್ನ ಕೈಯಿಂದಲೇ ನಕಲು ಮಾಡಿದ್ದೇನೆ, ತಡವಾದವರ ಸಾಲುಗಳನ್ನೂ ಮಾಡಿದ್ದೇನೆ.

ಮನೆಯ ಹಿರಿಯರು ತೀರಿಕೊಂಡಿದ್ದಾರೆ, ಅದನ್ನೂ ಹೇಳಿ. ಎಲ್ಲಿದ್ದಾರೆ ಎಂದು ಕೇಳಿದರೆ ಹೇಳಿ. ರಿಜಿಸ್ಟರಿನ ಸುಳ್ಳು ಅಂಕೆ ನನ್ನ ಅಕ್ಷರ. ನನ್ನ ಹೆಸರು ಮೊದಲು ಹೇಳಿ. ಒಯಿನ್‌ಕಾನ್. ಮಾಜಿ ಉಪಾಧ್ಯಾಯಿನಿ. ಇವರು ಜೈಲಿಗೆ ಹೋದರೆ ನಾನು ಊಟ ಒಯ್ಯುತ್ತೇನೆ, ಮಗುವನ್ನು ಬೆನ್ನಿಗೆ ಕಟ್ಟಿಕೊಂಡು. ಬೆನ್ನಿನ ಮೇಲೆ ಮಗು ಇರಲಿ, ಸಾಕು.

ಗಾಡಿ ತಡವಾಗುವುದಾದರೆ ದೋಣಿಕಟ್ಟೆಗೆ ಯಾರನ್ನಾದರೂ ಕಳಿಸಲಿ. ಪೊಲೀಸನಾದರೂ ಸರಿ. ಎತ್ತರದ ಹೆಂಗಸು, ಅರವತ್ತು ವರ್ಷ, ಬಲಗಾಲು ಸ್ವಲ್ಪ ಎಳೆಯುತ್ತಾರೆ. ಅವರಿಗೆ ಹೊಡೆಯಬಾರದು ಎಂದು ಹೇಳಿ. ಅವರೂ ಮಗು ಉಳಿಸಲು ಹೊರಟವರೇ.

ಗಂಟೆ ಎರಡೂ ಕಾಲು. ಮುನಿರತು ಕೈ ಚಾಚುತ್ತಿದ್ದಾಳೆ. ಒಳಗೆ ಮಗು ನರಳುವುದು ಕೇಳುತ್ತಿದೆ, ಅಂದರೆ ಇನ್ನೂ ಹೊರಟಿಲ್ಲ. ಬೆಳಗಾದ ಮೇಲೆ ನೋಡೋಣ ಎನ್ನಬೇಡಿ. ನಾನು ನಿನ್ನೆ ಅಂಗಡಿಯಲ್ಲಿ ಬೇಡ ಎಂದದ್ದನ್ನು ಮರೆತುಬಿಡಿ. ಫೋನ್ ಮಾಡಿ, ದಯವಿಟ್ಟು, ಈಗಲೇ, ಬೆಳಗಾಗುವ ಮುಂಚೆ... ಅಗಣಿ ತೆಗೆಯುತ್ತಿದ್ದಾರೆ, ಮಿಸ್ಟರ್ ಪ್ರಾಟ್, ಮೊದಲ ದಿನ ಎಂದು ಹೇಳಿ, ಫೋನ್ ಮಾ